ಪರದೆಯ ಹಿಂದಿನ ಎಣಿಕೆ

ನಾನು ಏನು ಕೆಲಸ ಮಾಡುತ್ತೇನೆ ಎಂದು ಬೀದರಿನಲ್ಲಿ ಯಾರಾದರೂ ಕೇಳಿದರೆ ಬಿಡಿಸಿ ಹೇಳುವುದನ್ನು ಈಗ ಬಿಟ್ಟಿದ್ದೇನೆ. ಮೊದಲು ಹೇಳುತ್ತಿದ್ದೆ. ಜನರ ಮಾತು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್ ಮಾಡುತ್ತೇನೆ, ಅಂಗಡಿಗಳಿಗೆ, ಸಾಲೆಗಳಿಗೆ, ಯಾರು ಕರೆಯುತ್ತಾರೋ ಅವರಿಗೆ ವಿಡಿಯೋ ಮಾಡಿಕೊಡುತ್ತೇನೆ, ಯಾರ ಕೈಕೆಳಗೂ ನೌಕರಿಗಿಲ್ಲ ಎಂದು ತಾಳ್ಮೆಯಿಂದ ವಿವರಿಸುತ್ತಿದ್ದೆ. ಕೇಳಿದವರು ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರ ಮನ್ಯಾಗೇ ಇರ್ತೀರಿ" ಅನ್ನುತ್ತಿದ್ದರು. ಒಂದು ದಿನ ಸಿಟ್ಟು ಬಂದು, "ಹೌದ್ರಿ, ಮನ್ಯಾಗೇ ಇರ್ತೇನಿ, ಬಾಯಿ ಮುಚ್ಚಿಕೊಂಡು ಇರಂಗಿಲ್ಲ" ಅಂದೆ. ಅಂದಿನಿಂದ ಅದೇ ನನ್ನ ಉತ್ತರವಾಯಿತು. ಮೂವತ್ತಾರು ವಯಸ್ಸಿನ, ಮದುವೆಯಾಗದ ಹೆಣ್ಣು ಇಷ್ಟು ಹೇಳಿದರೆ ಎದುರಿನವರು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅವ್ವ. ಹಿಂದಿನ ಕೋಣೆ ನನ್ನ ಸ್ಟುಡಿಯೋ. ಸ್ಟುಡಿಯೋ ಅಂದರೆ ಬೇರೇನಿಲ್ಲ, ಅವ್ವ ಹೊಲಿದ ಏಳು ಕೌದಿಗಳನ್ನು ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. ಚಳಿಗಾಲ ಬಂದರೆ ಅವ್ವ ಒಂದೊಂದೇ ಕೌದಿ ಬಿಚ್ಚಿಕೊಂಡು ಹೋಗುತ್ತಾಳೆ, ನನ್ನ ಪಾಡ್‌ಕಾಸ್ಟಿನ ಸದ್ದು ಡಿಸೆಂಬರಿನಲ್ಲಿ ಸ್ವಲ್ಪ ಟೊಳ್ಳಾಗುತ್ತದೆ. ಇನ್ನೊಂದು ತೊಂದರೆ ಆಕಾಶದಿಂದ ಬರುತ್ತದೆ. ನಮ್ಮ ಊರಿನ ಮೇಲೆ ವಿಮಾನ ಹಾರಿಸುವುದನ್ನು ಕಲಿಯುವವರು ಬೆಳಗ್ಗೆಯಿಂದ ಸುತ್ತು ಹಾಕುತ್ತಾರೆ. ಒಂದು ವಿಮಾನ ದಾಟಿ ಇನ್ನೊಂದು ಬರುವುದರೊಳಗೆ ನಾನು ನನ್ನ ಮಾತು ಮುಗಿಸಬೇಕು. ಭಾನುವಾರ ಅವರಿಗೆ ರಜೆ, ಹಾಗಾಗಿ ನನಗೆ ಭಾನುವಾರವೇ ಕೆಲಸ.

ನನ್ನದು ಒಂದು ಪದ್ಧತಿ ಇದೆ. ಎಲ್ಲಿಗೆ ಶೂಟಿಂಗಿಗೆ ಹೋದರೂ ಎರಡು ಕಡೆ ದನಿ ಹಿಡಿಯುತ್ತೇನೆ. ಒಂದು, ಮಾತಾಡುವವರ ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕು. ಇನ್ನೊಂದು ಅಂಗೈಯಗಲದ ರೆಕಾರ್ಡರ್. ಅದನ್ನು ಚಾಲೂ ಮಾಡಿ ಯಾವುದೋ ಮೂಲೆಯಲ್ಲಿಟ್ಟು ಮರೆತುಬಿಡುತ್ತೇನೆ. ಚಹಾದ ಅಂಗಡಿಯಾದರೆ ಕಪ್ಪು-ಬಸಿಗಳ ಸದ್ದು, ಹಿಟ್ಟಿನ ಗಿರಣಿಯಾದರೆ ಬೆಲ್ಟಿನ ಸದ್ದು, ಅದರಲ್ಲಿ ಸೇರಿಕೊಳ್ಳುತ್ತದೆ. ಆ ಸದ್ದನ್ನು ಮಾತಿನ ಕೆಳಗೆ ಸಣ್ಣಗೆ ಹಾಸಿದರೆ ವಿಡಿಯೋಕ್ಕೆ ಜೀವ ಬರುತ್ತದೆ. ಬೇರೆಯವರು ಇಂಟರ್ನೆಟ್ಟಿನಿಂದ ಪುಕ್ಕಟೆ ಸಂಗೀತ ತಂದು ಸುರಿಯುತ್ತಾರೆ. ಅಂಥ ಸಂಗೀತ ನಾನು ಹಾಕುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಎಷ್ಟು ದಿನ ಉಳಿಯಿತು ಎನ್ನುವುದನ್ನೇ ಈಗ ಹೇಳುತ್ತಿರುವುದು.

ಭಾಲ್ಕಿಯಿಂದ ಒಬ್ಬರು ಫೋನ್ ಮಾಡಿದರು. ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಅವರದು. ಬೋರಿನ ಮೋಟಾರ್ ಸುಟ್ಟರೆ ಒಳಗಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೂರಿಸಬೇಕು, ಅದೇ ವೈಂಡಿಂಗ್. ಅಂಗಡಿಯ ಬಗ್ಗೆ ಮೂರು ನಿಮಿಷದ ವಿಡಿಯೋ ಬೇಕು, ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಬೇಕು ಅಂದರು. ಮರುದಿನವೇ ಬಸ್ಸು ಹತ್ತಿ ಹೋದೆ. ಯಜಮಾನರಿಗೆ ಐವತ್ತು ದಾಟಿರಬೇಕು, ದಪ್ಪ ಗಾಜಿನ ಕನ್ನಡಕ, ಹಣೆಯ ಮೇಲೆ ವಿಭೂತಿ, ಬಾಯಿ ತೆಗೆದರೆ ಮಾತು ನಿಲ್ಲುವುದಿಲ್ಲ. ಇಂಥವರು ಸಿಕ್ಕರೆ ನಮ್ಮಂಥವರಿಗೆ ಹಬ್ಬ.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ಲತ್ತೀನ್ರಿ," ಅಂದರು ಕ್ಯಾಮೆರಾ ಕಡೆ ನೋಡಿ. "ಈ ಮೋಟಾರಿಗಿ ಒಂದು ಕಾಯಿಲಿಗಿ ಎಪ್ಪತ್ತೆರಡು ಸುತ್ತು. ಒಂದು ಸುತ್ತು ಕಡಿಮಿ ಆದ್ರೂ ಮೋಟಾರ್ ಬಿಸಿ ಆಗ್ತದ. ನನ್ನ ಕೈಯಾಗ ಒಂದೂ ತಪ್ಪಂಗಿಲ್ರಿ."

ಕಾಯಿಲ್ ಅಂದರೆ ತಂತಿಯನ್ನು ಫರ್ಮಾ ಎನ್ನುವ ಮರದ ಅಚ್ಚಿನ ಮೇಲೆ ಸುತ್ತಿ ಮಾಡಿದ ಬಳೆಯಂಥ ಕಟ್ಟು. ಅದನ್ನು ಸುತ್ತುವಾಗ ನಿಮ್ಮ ಕೈ ತೋರಿಸಬೇಕು ಅಂದೆ.

"ಕೈ ಯಾಕ್ರಿ ಮೇಡಂ? ಮುಖಾ ತಗೀರಿ. ಗಿರಾಕಿ ಮುಖಾ ನೋಡಿ ಬರ್ತಾರ," ಅಂದು ಸಿದ್ಧವಾಗಿದ್ದ ಒಂದು ಕಾಯಿಲನ್ನು ಹಾರ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತರು. ನಾನು ಒತ್ತಾಯ ಮಾಡಲಿಲ್ಲ. ಅಂಗಡಿಯ ಹಿಂದೆ ಒಂದು ಹಳೆಯ ಸೀರೆಯ ಪರದೆ, ಅದರ ಆಚೆ ಮನೆ. ಪರದೆಯ ಪಕ್ಕದ ಟೇಬಲ್ಲಿನ ಮೇಲೆ ರೆಕಾರ್ಡರ್ ಇಟ್ಟು, ಅವರು ತರಿಸಿದ ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ.

ಭಾನುವಾರ ಬೆಳಗ್ಗೆ ಕೌದಿಗಳ ನಡುವೆ ಕೂತು ಎಡಿಟ್ ಮಾಡುವಾಗ ರೆಕಾರ್ಡರಿನಲ್ಲಿ ಒಂದು ಹೆಣ್ಣುದನಿ ಕೇಳಿಸಿತು. ಸಣ್ಣ ದನಿ, ಆದರೆ ಗಟ್ಟಿ. ಮರಾಠಿಯಲ್ಲಿ ಎಣಿಸುತ್ತಿದ್ದಳು. ಒಂದರಿಂದ ಶುರುವಾಗಿ, ಒಂದೇ ಗತಿಯಲ್ಲಿ ಹೋಗಿ, ಬಹಾತ್ತರ್ ಎಂದು ಎಪ್ಪತ್ತೆರಡಕ್ಕೆ ನಿಲ್ಲುವುದು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಒಂದರಿಂದ ಶುರು. ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೇಳಲಿ ಎಂದು ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದೆ.

"ಇಕಿ ಔರಾದ ಕಡೆಯಾಕಿ," ಅಂದಳು ಅವ್ವ ತಲೆ ಎತ್ತದೆ. "ನನ್ನಂಗ ಮರಾಠಿ ಸಾಲಿ ಕಲತಾಕಿ."

ಅವ್ವನೂ ಔರಾದ ತಾಲೂಕಿನವಳು. ಮಾತಾಡುವುದು ಕನ್ನಡ, ಕಾಯಿಪಲ್ಯದವನ ಜೊತೆ ಜಗಳ ದಖ್ಖನಿ ಉರ್ದುವಿನಲ್ಲಿ, ಎಣಿಕೆ ಮಾತ್ರ ಮರಾಠಿ. ಸಾಲೆಯಲ್ಲಿ ಹಾಗೆ ಕಲಿತದ್ದು ಸಾಯುವ ತನಕ ಹೋಗುವುದಿಲ್ಲ.

"ಆದ್ರ ಎಪ್ಪತ್ತೆರಡಕ್ಕೇ ಯಾಕ ನಿಲ್ತಾಳವಾ?" ಅಂದಳು.

"ಹಪ್ಪಳ ಎಣಸಲತ್ತಿರಬೇಕು ಬಿಡು," ಅಂದೆ ನಾನು.

ಈ ಮಾತನ್ನು ನಾನೇ ಆಡಿದ್ದು. ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಮೈಕು ಹಿಡಿದು ದೊಡ್ಡ ದೊಡ್ಡ ಮಾತಾಡುವ ನಾನು, ಪರದೆಯ ಹಿಂದೆ ಒಬ್ಬ ಹೆಂಗಸಿನ ಎಣಿಕೆ ಕೇಳಿಸಿದ ತಕ್ಷಣ ಹಪ್ಪಳ ಅಂದುಕೊಂಡೆ. ಯಜಮಾನರು ಎಪ್ಪತ್ತೆರಡು ಸುತ್ತು ಎಂದು ಹೇಳಿದ ಶಾಟ್ ಅದೇ ಕಂಪ್ಯೂಟರಿನಲ್ಲಿ, ಅದೇ ಹೊತ್ತಿಗೆ, ನನ್ನ ಕಣ್ಣೆದುರೇ ಇತ್ತು. ಅದನ್ನೂ ಇದನ್ನೂ ಕೂಡಿಸುವ ಬುದ್ಧಿ ನನಗೆ ಬರಲಿಲ್ಲ. ದನಿ ಚೆನ್ನಾಗಿದೆ, ಲಯ ಇದೆ ಎಂದು ವಿಡಿಯೋದ ಕೆಳಗೆ ಉದ್ದಕ್ಕೂ ಹಾಸಿ ಭಾಲ್ಕಿಗೆ ಕಳಿಸಿಬಿಟ್ಟೆ.

ಎರಡು ತಾಸಿಗೆ ಫೋನ್ ಬಂತು. ಯಜಮಾನರು ಅಂಗಡಿಯಲ್ಲಿ ಗಿರಾಕಿಗಳ ಎದುರು ದೊಡ್ಡದಾಗಿ ವಿಡಿಯೋ ಹಚ್ಚಿದ್ದರಂತೆ. ಹಳೆಯ ಗಿರಾಕಿಯೊಬ್ಬರು ಕಿವಿಗೊಟ್ಟು ಕೇಳಿ, "ಪೀಛೆ ಕೌನ್ ಗಿನ್‌ರೈಂ ಜೀ?" ಎಂದು ಕೇಳಿದರಂತೆ. ಹಿಂದೆ ಎಣಿಸುತ್ತಿರುವವರು ಯಾರು ಎನ್ನುವ ಆ ಒಂದು ಪ್ರಶ್ನೆಗೆ ಅಂಥ ಮಾತುಗಾರರೂ ತಬ್ಬಿಬ್ಬಾಗಿದ್ದರು.

"ಆ ದನಿ ತೆಗೀರಿ ಮೇಡಂ."

"ಯಾರ್ರಿ ಅದು?"

"ನಮ್ಮ ಮನ್ಯಾಕಿ. ಏನೋ ಎಣಸ್ತಿರ್ತಾಳ."

"ಪ್ರತಿ ಸಲಾ ಎಪ್ಪತ್ತೆರಡೇ ಯಾಕ ಎಣಸ್ತಾರ್ರಿ?"

ಕೇಳುತ್ತಿದ್ದಂತೆ ನನಗೆ ತಿಳಿಯಿತು, ಕಾಯಿಲ್ ಸುತ್ತುವವಳು ಆಕೆಯೇ. ನನಗೆ ತಿಳಿದದ್ದು ಅವರಿಗೂ ತಿಳಿಯಿತು. "ನಿಮಗ್ಯಾಕ್ರಿ ಅದೆಲ್ಲಾ? ತೆಗದು ಒಂದು ಛಲೋ ಮ್ಯೂಜಿಕ್ ಹಾಕ್ರಿ. ಮೊದಲಿಂದು ಡಿಲೀಟ್ ಮಾಡ್ರಿ," ಅಂದರು.

ನಾನು ತೆಗೆದೆ. ಸಬೂಬು ಹೇಳುವುದಿಲ್ಲ. ಕೆಲಸ ಅವರದು, ಅಂಗಡಿ ಅವರದು, ನಾನು ಕರೆದರೆ ಹೋಗುವವಳು. ಅರ್ಧ ತಾಸೂ ಹಿಡಿಯಲಿಲ್ಲ. ಎಣಿಕೆಯ ಜಾಗದಲ್ಲಿ ಪುಕ್ಕಟೆ ಕೊಳಲಿನ ಸಂಗೀತ ಹಾಕಿದೆ, ಯಜಮಾನರು ಹೆಬ್ಬೆರಳಿನ ಗುರುತು ಕಳಿಸಿದರು, ವಿಡಿಯೋ ಭಾಲ್ಕಿಯ ಎಲ್ಲ ಗುಂಪುಗಳಲ್ಲಿ ಓಡಾಡಿತು. ಅದನ್ನು ನೋಡಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಒಬ್ಬ ಹೆಂಗಸಿನ ಕಸುಬನ್ನು ನನ್ನ ಕೈಯಾರೆ ಒರೆಸಿದ್ದೆ. ಮೊದಲನೆಯದನ್ನು ಡಿಲೀಟ್ ಮಾಡಿದ್ದೇನೆ ಎಂದು ಅವರಿಗೆ ಹೇಳಿದೆ. ಮಾಡಲಿಲ್ಲ. ಆ ಸುಳ್ಳಿನ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಎಂಟು ಹತ್ತು ದಿನ ಕಳೆದಿರಬೇಕು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಲೋ ಅನ್ನುವುದರೊಳಗೆ ಗುರುತು ಹಿಡಿದೆ. ಆ ದನಿಯನ್ನು ಅಷ್ಟು ಸಲ ಕೇಳಿದ್ದೆ.

"ತಂಗಿ, ಮೊದಲಿಂದು ಅದ ಏನವಾ ನಿನ್ನ ಬಲ್ಲಿ? ನಾ ಎಣಸೂದು ಇರೂದು? ಅಂಗಡ್ಯಾಗ ಹಚ್ಚಿದಾಗ ಪರದಿ ಹಿಂದ ಕೇಳೀನಿ."

ಇದೆ ಅಂದೆ. ಆಕೆ ಒಂದೊಂದೇ ಹೇಳಿದಳು. ಔರಾದಿನಲ್ಲಿ ಹೆಣ್ಣುಮಕ್ಕಳಿಗೆ ಮೋಟಾರ್ ವೈಂಡಿಂಗ್ ಕಲಿಸುವ ತರಬೇತಿ ಶುರುವಾಗುವುದಿತ್ತು. ಕಲಿಸುವವರು ಬೇಕಾಗಿದ್ದರು, ಹೆಂಗಸಾದರೆ ಒಳ್ಳೆಯದು ಅಂದಿದ್ದರು. ಸರ್ಟಿಫಿಕೇಟ್ ಇಲ್ಲದವರು ತಾವು ಕೆಲಸ ಮಾಡುವ ವಿಡಿಯೋ ತಂದು ತೋರಿಸಬೇಕು. ಈಕೆ ಹನ್ನೆರಡು ವರ್ಷದಿಂದ ಆ ಅಂಗಡಿಯ ಒಂದೊಂದು ಕಾಯಿಲನ್ನೂ ಸುತ್ತಿದವಳು. ಅದಕ್ಕೆ ಒಂದು ಚೂರು ಸಾಕ್ಷಿ ಇಲ್ಲ. ಬೋರ್ಡಿನ ಮೇಲೆ ಗಂಡನ ಹೆಸರು, ರಸೀದಿಯ ಮೇಲೆ ಗಂಡನ ಸಹಿ. ಅವಳು ಆ ಕೆಲಸ ಮಾಡುತ್ತಾಳೆ ಎನ್ನುವುದಕ್ಕೆ ಜಗತ್ತಿನಲ್ಲಿದ್ದದ್ದು ನನ್ನ ರೆಕಾರ್ಡರಿಗೆ ಆಕಸ್ಮಿಕವಾಗಿ ಸಿಕ್ಕ ಆ ದನಿ ಒಂದೇ.

"ಅವರೇ ಕಲಿಸ್ಯಾರವಾ ನನಗ," ಅಂದಳು ಗಂಡನ ಬಗ್ಗೆ. "ಸಕ್ಕರಿ ರೋಗ ಬಂದು ಅವರ ಕಣ್ಣಿಗಿ ಸಣ್ಣ ತಂತಿ ಕಾಣಂಗಿಲ್ಲ. ಮಂದಿಗಿ ಗೊತ್ತಾಗಬಾರದಂತ ನಾ ಒಳಗ ಕುಂತು ಸುತ್ತತೀನಿ. ಕೆಟ್ಟವರಲ್ಲ. ಅಂಜ್ತಾರ."

"ನೀವು ಅಂಜಂಗಿಲ್ಲೇನ್ರಿ ಅಕ್ಕಾ?"

"ನಾ ಹನ್ನೆರಡು ವರ್ಷ ಅಂಜೀನಿ. ಸಾಕಾಗ್ಯದ."

ದನಿಯೊಂದೇ ಸಾಲದು ಎಂದು ಹೇಳಿದೆ. ಯಾರೋ ಎಣಿಸಿದ್ದಾರೆ, ನೀವೇ ಎಂದು ಹೇಗೆ ನಂಬುತ್ತಾರೆ? ಮುಖ ಕಾಣಬೇಕು, ಕೈ ಕಾಣಬೇಕು, ಮೊದಲ ಸುತ್ತಿನಿಂದ ಕೊನೆಯ ಸುತ್ತಿನ ತನಕ ಎಲ್ಲೂ ಕತ್ತರಿಸದ ಒಂದೇ ಶಾಟ್ ಬೇಕು. ನಾನೇ ಬಂದು ತೆಗೆಯುತ್ತೇನೆ ಅಂದೆ. ಭಾಲ್ಕಿಯ ಮನೆಯಲ್ಲಿ ಅದು ಆಗದ ಮಾತು. ಆಕೆ ಮೊದಲೇ ಯೋಚಿಸಿಟ್ಟಿದ್ದಳು. ಪಂಚಮಿಗೆ ತವರುಮನೆ ಠಾಣಾ ಕುಶನೂರಿಗೆ ಹೋಗುತ್ತಾಳೆ, ತಮ್ಮನ ಹೊಲದ ಅಂಥದೇ ಎಪ್ಪತ್ತೆರಡು ಸುತ್ತಿನ ಮೋಟಾರ್ ಸುಟ್ಟು ಬೇಸಿಗೆಯಿಂದ ಕೊಟ್ಟಿಗೆಯಲ್ಲಿ ಬಿದ್ದಿದೆ, ಅಲ್ಲಿಗೆ ಬಾ.

ಪಂಚಮಿಯ ಹಿಂದಿನ ದಿನ ಹೋದೆ. ರಸ್ತೆಯ ಎರಡೂ ಕಡೆ ಸೋಯಾ, ತೊಗರಿ ಹಸಿರಾಗಿದ್ದವು. ಮನೆಯಲ್ಲಿ ಜೋಳದ ಅಳ್ಳು ಹುರಿಯುವ ವಾಸನೆ. ಅಕ್ಕನನ್ನು ಅಂದೇ ಮೊದಲು ನೋಡಿದ್ದು. ನಲವತ್ತೈದರ ಆಸುಪಾಸು, ಗಿಡ್ಡ ಮೈಕಟ್ಟು, ಬೆರಳ ತುದಿಗಳೆಲ್ಲ ತಂತಿ ಕೊರೆದು ಒರಟಾಗಿದ್ದವು. ಆ ಬೆರಳುಗಳನ್ನು ನೋಡಿದ ಮೇಲೆ ಹಪ್ಪಳದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಆಕೆಗೆ ಅದನ್ನು ಹೇಳಿಬಿಟ್ಟೆ. ಬಿದ್ದು ಬಿದ್ದು ನಕ್ಕಳು.

"ಹಪ್ಪಳಾ ನನಗ ಬರಂಗಿಲ್ಲವಾ. ನಮ್ಮ ಅತ್ತಿ ಅದಕ್ಕೇ ಬೈತಿದ್ದಳು," ಅಂದಳು.

ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಆಕೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರದ ಫರ್ಮಾವನ್ನು ಹಲಗೆಗೆ ಬಿಗಿದು, ತಂತಿಯ ಉರುಳೆಯನ್ನು ಕಾಲ ಬಳಿ ಇಟ್ಟುಕೊಂಡಳು. ಶುರು ಮಾಡುವ ಮೊದಲು ನನಗೂ ತಮ್ಮನಿಗೂ ತಾಕೀತು ಮಾಡಿದಳು: "ನಡಕ ಯಾರೂ ಮಾತಾಡಸಬ್ಯಾಡ್ರಿ. ಎಣಿಕಿ ತಪ್ಪಿದ್ರ ಪೂರಾ ಬಿಚ್ಚಿ ಮತ್ತ ಒಂದರಿಂದ ಸುತ್ತಬೇಕು. ತಂತಿ ಇಷ್ಟೇ ಅದ." ಇದು ಆ ಕಸುಬಿನ ಮೊದಲನೇ ನಿಯಮವಂತೆ. ಎಣಿಸುವವರ ಮುಂದೆ ಬಾಯಿ ತೆಗೆಯಬಾರದು. ಗಂಡ ಆಕೆಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಅದನ್ನೇ.

ರೆಕಾರ್ಡ್ ಒತ್ತಿದೆ. ಎಡಗೈಯಿಂದ ತಂತಿಯನ್ನು ಬಿಗಿ ಹಿಡಿದು ಬಲಗೈಯಿಂದ ಸುತ್ತುತ್ತಾ ಹೋದಳು. ತಂತಿ ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತಿತ್ತು. ಹತ್ತು, ಇಪ್ಪತ್ತು, ಮೂವತ್ತು. ಹೊರಗೆ ಒಂದು ಬೈಕು ನಿಂತ ಸದ್ದಾಯಿತು. ನಾನು ಮನಸ್ಸಿನಲ್ಲೇ ಬೈದುಕೊಂಡೆ, ಬೈಕಿನ ಸದ್ದು ಟೇಪಿನಲ್ಲಿ ಬಂತಲ್ಲ ಎಂದು. ಆಕೆ ನಲವತ್ತೊಂದು ಅನ್ನುವ ಹೊತ್ತಿಗೆ ಬಾಗಿಲಲ್ಲಿ ಭಾಲ್ಕಿಯ ಯಜಮಾನರು ನಿಂತಿದ್ದರು. ಹಬ್ಬಕ್ಕೆ ನಾಳೆ ಬರಬೇಕಾದವರು ಇವತ್ತೇ ಬಂದಿದ್ದರು.

ಅವರ ಕಣ್ಣು ಎಷ್ಟೇ ಮಂದವಾಗಿದ್ದರೂ ಮೂರು ಕಾಲಿನ ಕ್ಯಾಮೆರಾ ಕಾಣದಷ್ಟು ಮಂದವಾಗಿರಲಿಲ್ಲ.

"ಏನಿದು? ಮೇಡಂ, ನೀವು ಇಲ್ಲಿ ಏನು ಮಾಡ್ಲತ್ತೀರಿ?"

"ಬೇಚಾಳೀಸ್," ಅಂದಳು ಅಕ್ಕ. ನಲವತ್ತೆರಡು.

"ನಾ ನಿನಗೇ ಕೇಳ್ಲತ್ತೀನಿ! ಯಾರಿಗಿ ಕೇಳಿ ಇದು ನಡದದ?"

"ತ್ರೇಚಾಳೀಸ್."

ತಮ್ಮ ಎದ್ದು, "ಮಾಮಾ, ಒಳಗ ಬರ್ರಿ, ಕುಂಡ್ರ್ರಿ," ಅಂದ. ಅವನನ್ನು ಗದರಿಸಿ ಸುಮ್ಮನಾಗಿಸಿದರು. ದನಿ ಏರಿತು. ಮೂವತ್ತು ವರ್ಷ ಕಟ್ಟಿದ ಅಂಗಡಿ, ನಾಳೆ ಭಾಲ್ಕಿ ಮಂದಿ ಏನಂತಾರ, ಹೆಂಡತಿ ಸುತ್ತಿದ ಮೋಟಾರ್ ಯಾವ ರೈತ ತನ್ನ ಬೋರಿಗೆ ಇಳಿಸ್ತಾನ, ನನ್ನ ಮರ್ಯಾದಿ ಬಜಾರಿಗೆ ಇಟ್ಟಿ ಎಂದು ಕೂಗಾಡಿದರು. ಅವರು ಏರಿಸಿದಷ್ಟೂ ಅಕ್ಕ ಎಣಿಕೆಯ ದನಿ ಏರಿಸಿದಳು. ಉತ್ತರ ಕೊಡಲಿಲ್ಲ, ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಕೆನ್ನೆಯ ಮೇಲೆ ಬೆವರೋ ಕಣ್ಣೀರೋ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅವರು ಕ್ಯಾಮೆರಾ ಕಡೆ ಬಂದರು. ನಾನು ಅಡ್ಡ ನಿಂತೆ. ಧೈರ್ಯವಂತೆ ಎಂದು ತೋರಿಸಿಕೊಳ್ಳಲು ಬರೆಯುತ್ತಿಲ್ಲ. ಆದರೆ ಒಮ್ಮೆ ಅವರು ಹೇಳಿದ್ದಕ್ಕೆ ಈ ದನಿಯನ್ನು ತೆಗೆದಿದ್ದೆ. ಎರಡನೇ ಸಲ ಅದು ಆಗುವುದು ನನಗೆ ಬೇಕಿರಲಿಲ್ಲ.

"ಕ್ಯಾಮೆರಾ ನಂದು, ಮುಟ್ಟಬ್ಯಾಡ್ರಿ," ಅಂದೆ. "ಅವರು ಕೆಲಸದಾಗ ಅದಾರ. ಎಣಿಕಿ ನಡದದ. ಎಣಸೂರ ಮುಂದ ಮಾತಾಡಬಾರದಂತ ನೀವೇ ಕಲಿಸೀರಂತಲ್ರಿ?"

"ಸಾಠ್," ಅಂದಳು ಅಕ್ಕ. ಅರವತ್ತು.

ಅವರು ಬಾಯಿ ತೆರೆದವರು ಹಾಗೇ ನಿಂತರು. ನನ್ನ ಮಾತಿಗೆ ಹೆದರಿ ನಿಂತರು ಎಂದು ನಾನು ಹೇಳುವುದಿಲ್ಲ. ಅವರ ಕಿವಿ ಆ ಅರವತ್ತನ್ನು ಹಿಡಿಯಿತು. ಇನ್ನು ಹನ್ನೆರಡೇ ಉಳಿದಿವೆ ಎಂದು ಕಸುಬುದಾರನಿಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಎಣಿಕೆ ಕೆಡಿಸುವುದು ಅವರ ಕೈಲಿ ಆಗಲಿಲ್ಲ. ಗಂಡನಾಗಿ ಕೂಗಾಡಿದ ಮನುಷ್ಯ ಉಸ್ತಾದನಾಗಿ ಸುಮ್ಮನಾದರು. ಅರವತ್ತೊಂದರಿಂದ ಆ ಪಡಸಾಲೆಯಲ್ಲಿ ಆಕೆಯ ದನಿ ಬಿಟ್ಟರೆ ಬೇರೆ ದನಿ ಇರಲಿಲ್ಲ. ಬಹಾತ್ತರ್ ಎಂದು ಹೇಳಿ, ತಂತಿ ಕತ್ತರಿಸಿ, ಕಾಯಿಲನ್ನು ಎರಡು ಕಡೆ ದಾರದಿಂದ ಕಟ್ಟಿ, ಫರ್ಮಾದಿಂದ ಬಿಡಿಸಿ, ಆಮೇಲೆ ತಲೆ ಎತ್ತಿದಳು.

"ಹಾಂ, ಈಗ ಹೇಳ್ರಿ. ಏನಂತಿದ್ರಿ?"

ಅವರು ಆಕೆಯ ಕೈಯಿಂದ ಕಾಯಿಲ್ ತೆಗೆದುಕೊಂಡು ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿದರು. ಎಲ್ಲಾದರೂ ಸಡಿಲ ಸಿಗಲಿ ಎಂದು ಹುಡುಕಿದರೋ, ಅಭ್ಯಾಸಬಲವೋ. ಸಿಗಲಿಲ್ಲ. ವಾಪಸ್ ಕೊಟ್ಟು ನನ್ನ ಕಡೆ ತಿರುಗಿ, "ನನ್ನ ದನಿ ತೆಗೀರಿ," ಅಂದರು.

ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಹೇಳಿದಳು: "ಆಕಿಗಿ ಯಾಕ ಹೇಳ್ತೀರಿ? ವಿಡಿಯೋ ನಂದು. ತೆಗಿಯೂದು ಬಿಡೂದು ನಾ ಹೇಳ್ತೇನಿ."

ಯಜಮಾನರು ಊಟ ಮಾಡದೆ ಬೈಕು ಹತ್ತಿ ಹೋದರು. ಮರುದಿನ ಪಂಚಮಿಗೂ ಬರಲಿಲ್ಲ. ಭಾಲ್ಕಿಯಲ್ಲಿ ನನ್ನ ಬಗ್ಗೆ ಏನು ಹೇಳಿದರೋ, ಅಲ್ಲಿ ಒಪ್ಪಿಕೊಂಡಿದ್ದ ಇಬ್ಬರು ಅಂಗಡಿಯವರು ವಿಡಿಯೋ ಬೇಡ ಅಂದರು. ಮೂರನೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ಮಂದಿಯ ಸಂಸಾರ ಒಡೆಯುವಾಕೆ ಅನ್ನುವ ಮಾತು ಸುತ್ತಿ ಬಳಸಿ ಮೈಲೂರಿಗೂ ಬಂತು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಮೂರನೇ ದಿನ ಕೋಣೆಗೆ ಬಂದು, "ಆಕಿ ಎಣಸಿದ್ದು ಹಚ್ಚು, ಇನ್ನೊಮ್ಮೆ ಕೇಳ್ತೇನಿ," ಅಂದಳು. ಪೂರ್ತಿ ಕೇಳಿದಳು. ಗಂಡಸಿನ ಕೂಗಾಟ ಶುರುವಾದಾಗ ಜೋಳದ ಮೊರ ಕೆಳಗಿಟ್ಟಳು, ಮುಗಿಯುವ ತನಕ ಮತ್ತೆ ಮುಟ್ಟಲಿಲ್ಲ.

ಆ ವಾರದ ಪಾಡ್‌ಕಾಸ್ಟಿನಲ್ಲಿ ನಾನು ಬೇರೆ ಯಾರನ್ನೂ ಮಾತಾಡಿಸಲಿಲ್ಲ. ಊರು, ಅಂಗಡಿ, ಯಾವುದರ ಗುರುತೂ ಹೇಳದೆ, ಒಬ್ಬ ಹೆಂಗಸಿನ ಕಸುಬನ್ನು ಹಪ್ಪಳ ಅಂದುಕೊಂಡ ನನ್ನ ದಡ್ಡತನವನ್ನು, ಆಮೇಲೆ ಅದನ್ನು ಅಳಿಸಿದ ನನ್ನ ಪುಕ್ಕಲುತನವನ್ನು ಹೇಳಿಕೊಂಡೆ. ಕೇಳುಗರಲ್ಲಿ ಕೆಲವರು ತಮ್ಮ ಮನೆಯ ಪರದೆಗಳ ಬಗ್ಗೆ ಬರೆದರು. ಕೆಲವರು, ಮನೆಯ ಮಾತು ಬೀದಿಗೆ ಯಾಕೆ ತರುತ್ತೀರಿ ಎಂದು ಬುದ್ಧಿ ಹೇಳಿದರು. ಅವರಿಗೆ ನಾನು ಉತ್ತರ ಬರೆಯಲಿಲ್ಲ. ಹನ್ನೆರಡು ವರ್ಷ ಒಬ್ಬಳು ದುಡಿದದ್ದು ಮನೆಯ ಮಾತಾಗುತ್ತದೆ, ಆಕೆಯ ಗಂಡನ ಹೆಸರು ಮಾತ್ರ ಬೀದಿಯ ಬೋರ್ಡಾಗುತ್ತದೆ ಅಂದರೆ ನಾನು ಆ ಲೆಕ್ಕ ಒಪ್ಪುವವಳಲ್ಲ. ಭಾಲ್ಕಿಯವರು ಕರೆಯದಿದ್ದರೆ ಬೇಡ, ಜನವಾಡದವರು ಕರೆಯುತ್ತಾರೆ. ಅವರೂ ಕರೆಯದಿದ್ದರೆ ಅವ್ವನ ಎದುರು ಮೈಕು ಇಟ್ಟುಕೊಂಡು ಕೂರುತ್ತೇನೆ.

ಔರಾದಿಗೆ ಹೋಗುವ ಮುಂಚೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಗಂಡನ ಕೂಗಾಟ ಇರುವುದನ್ನೇ ತೋರಿಸೋಣವೇ, ನೋಡಿದವರು ಏನಂದುಕೊಳ್ಳುತ್ತಾರೆ, ಅವರ ಮರ್ಯಾದೆಯೂ ಇದೆಯಲ್ಲ ಎಂದು. ನಿಜ ಹೇಳಬೇಕೆಂದರೆ ನನಗೇ ಅಳುಕಿತ್ತು.

"ಕತ್ತರಿಸಿದ್ರ ನಡಕ ಕೈ ನಿಲ್ಲಿಸೀನಿ ಅಂತಾರವಾ," ಅಂದಳು. "ಒಂದೇ ಶಾಟ್ ಬೇಕಂತ ನೀನೇ ಹೇಳಿದ್ದಿ. ಇರ್ಲಿ. ನಾ ಮಾತಾಡ್ತೇನಿ."

ಗೊತ್ತುಮಾಡಿದ ದಿನ ಔರಾದಿನ ಬಸ್ ನಿಲ್ದಾಣದಲ್ಲಿ ಆಕೆ ಒಬ್ಬಳೇ ಇಳಿದಳು, ಕೈಯಲ್ಲಿ ಬಟ್ಟೆಯ ಚೀಲ. ಗಂಡ ಏನಂದರು ಎಂದು ಕೇಳಿದೆ. "ಮಾತಿಲ್ಲ. ಮುಂಜಾನಿ ಚಹಾ ಮಾಡಿ ಕುಡಿದು ನನಗೂ ಒಂದು ಕಪ್ಪು ಮುಚ್ಚಿಟ್ಟಿದ್ರು," ಅಂದಳು.

ತರಬೇತಿಯ ಕೋಣೆಯಲ್ಲಿ ಟೇಬಲ್ಲಿನ ಆಚೆ ಮೂವರು ಕೂತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ವಿಡಿಯೋ ಹಚ್ಚಿ ಬದಿಗೆ ಸರಿದೆ. ಮೊದಮೊದಲು ಅರ್ಧ ಮನಸ್ಸಿನಿಂದ ನೋಡಿದರು. ಬಾಗಿಲಲ್ಲಿ ಗಂಡಸಿನ ದನಿ ಬಂದ ಕೂಡಲೇ ಮೂವರೂ ಮುಂದೆ ಬಾಗಿದರು. ಅಕ್ಕ ಕೈಕಟ್ಟಿ ನಿಂತು ತನ್ನದೇ ಮುಖವನ್ನು ನೋಡುತ್ತಿದ್ದಳು. ಮುಗಿದ ಮೇಲೆ ನಡುವೆ ಕೂತಿದ್ದ ಹಿರಿಯರು ಹುಬ್ಬು ಗಂಟಿಕ್ಕಿದರು.

"ಯಾರವಾ ಇಂವ, ಹಿಂಗ ಚೀರಾಡಲತ್ತಾನ? ಇದನ್ನ ತೆಗದು ತರಬೇಕಿತ್ತು."

"ನಮ್ಮ ಮನಿಯವರ್ರಿ," ಅಂದಳು ಅಕ್ಕ. "ಅವರು ಬೈಲಿಕ್ಕಿ ಚಾಲೂ ಮಾಡಿದಾಗ ನಲವತ್ತೊಂದು ಆಗಿತ್ತು. ನಿಂದ್ರಿಸಿದಾಗ ಅರವತ್ತು." ಚೀಲದಿಂದ ಆ ಕಾಯಿಲನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು. "ನಡಕಿನ ಹತ್ತೊಂಬತ್ತು ಸುತ್ತೂ ಇದರಾಗ ಅವ. ಎಣಸ್ರಿ."

ಹಿರಿಯರು ಕನ್ನಡಕ ಹಾಕಿಕೊಂಡು, ಕಾಯಿಲನ್ನು ಹತ್ತಿರ ಎಳೆದು, ಪೆನ್ನಿನ ತುದಿಯಿಂದ ತಂತಿಯನ್ನು ಒಂದೊಂದಾಗಿ ಸರಿಸುತ್ತಾ ಎಣಿಸಲು ಕೂತರು. ಪಕ್ಕದವರು ಏನೋ ಹೇಳಲು ಬಂದರು, ಅಕ್ಕ ಬೆರಳೆತ್ತಿ ಅವರನ್ನು ಸುಮ್ಮನಿರಿಸಿದಳು.

"ಎಪ್ಪತ್ತೆರಡು," ಅಂದರು ಹಿರಿಯರು ಕೊನೆಗೆ.

ಅಕ್ಕ ಕಾಯಿಲನ್ನು ಟೇಬಲ್ಲಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಯಾವತ್ತಿಂದ ಬರ್ಲಿರಿ?" ಅಂದಳು.